ಬಣ್ಣ ಒಣಗುವವರೆಗೆ

ಹೋದ ವರ್ಷ ಇಂಡಿಯಲ್ಲಿ ಹೊಸ ವರದಿಗಾರರಿಗೆಂದು ಒಂದು ದಿನದ ಶಿಬಿರ ಇಟ್ಟುಕೊಂಡಿದ್ದರು. ನಿವೃತ್ತನಾದವನು ಮನೆಯಲ್ಲಿ ಸುಮ್ಮನೆ ಕೂತಿರುತ್ತಾನೆ, ಕರೆದರೆ ಇಲ್ಲವೆನ್ನಲಾರ ಎಂಬ ಧೈರ್ಯದಿಂದ ನನ್ನನ್ನೂ ಕರೆದರು. ಅವರ ಊಹೆ ತಪ್ಪಲಿಲ್ಲ. ಶಾಲು ಹೊದಿಸಿ, ಹಾರ ಹಾಕಿ, ‘ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲ್ಲೂಕಿನ ರಾಜಕಾರಣವನ್ನು ಅಂಗೈಯಲ್ಲಿ ಇಟ್ಟುಕೊಂಡವರು’ ಎಂದು ಪರಿಚಯಿಸಿದರು. ನಾಲ್ಕು ಕಡೆ ಕೆಲಸ ಮಾಡಿದ್ದು ನಿಜ. ಅಂಗೈಯ ವಿಷಯ ಸುಳ್ಳು. ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆಂದು ನಾನು ಬರೆದದ್ದು ಒಮ್ಮೆಯೂ ಸರಿಹೋಗಲಿಲ್ಲ. ಕೊನೆಕೊನೆಗೆ ಅಭ್ಯರ್ಥಿಗಳೇ ಬಂದು, “ಸಂಗಣ್ಣಾರ, ನಾನು ಗೆಲ್ತೇನಿ ಅಂತ ಮಾತ್ರ ಬರೀಬ್ಯಾಡ್ರಿ, ಎದುರಿನವನ ಹೆಸರು ಬರೀರಿ” ಎಂದು ಕೇಳಿಕೊಳ್ಳುತ್ತಿದ್ದರು.

ನನಗೆ ಕೊಟ್ಟ ವಿಷಯ ವಿಶ್ವಾಸಾರ್ಹತೆ. ಮುಕ್ಕಾಲು ಗಂಟೆ ಮಾತಾಡಿದೆ. ನಡುವೆ ಇಬ್ಬರು ಎದ್ದು ಹೋದರು, ಒಬ್ಬರು ಮರಳಿ ಬಂದರು. ಮುಗಿದ ಮೇಲೆ ಪ್ರಶ್ನೆ ಕೇಳಿ ಎಂದರು. ಮೊದಲನೆಯದು ನಾನು ಎಣಿಸಿದಂತೆಯೇ ಬಂತು: “ಸರ, ಸರಕಾರದ ಮಾನ್ಯತಾ ಕಾರ್ಡ್ ಜಲ್ದಿ ಸಿಗಬೇಕಂದ್ರ ಏನ್ ಮಾಡಬೇಕ್ರಿ?” ನಾನು ತಾಳ್ಮೆಯ ಬಗ್ಗೆ ಏನೋ ಹೇಳಿದೆ. ಎರಡನೆಯ ಪ್ರಶ್ನೆ ಕೇಳಿದವಳು ಹಿಂದಿನ ಸಾಲಿನಲ್ಲಿ ಕೂತ ಇಂಡಿಯ ವರದಿಗಾರ್ತಿ, ಹೊಸ ಹುಡುಗಿ. ಮೊದಲ ಭೇಟಿ. ಆಕೆ ಎದ್ದು ನಿಂತು ಬಹಳ ವಿನಯದಿಂದ ಕೇಳಿದಳು:

“ಸರ, ಗಾಡಿಗೆ ಹಚ್ಚಿದ ಬಣ್ಣ ಒಣಗಾಕ ಎಷ್ಟು ಹೊತ್ತು ಬೇಕ್ರಿ?”

ಅವಳ ಅಕ್ಕಪಕ್ಕದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲ ಮೇಲಿನ ಶಾಲು ಮುಟ್ಟಿ ನೋಡಿಕೊಂಡೆ. ಬಣ್ಣದ ಆ ಸಂಗತಿ ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯವರನ್ನು ಬಿಟ್ಟರೆ ಹೊರಗೆ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಅದನ್ನು ಬರೆದುಕೊಟ್ಟ ಹಾಳೆ ಒಂದು ಕಚೇರಿಯ ಫೈಲು ಸೇರಿ ಎಷ್ಟೋ ವರ್ಷವಾಗಿತ್ತು. ಇವಳಿಗೆ ಯಾರು ಹೇಳಿದರು? “ಬಣ್ಣ ಛಲೋದಿದ್ರ ಅರ್ಧ ದಿನ ಬೇಕವ್ವಾ” ಎಂದು ಹೇಳಿ ಕೂತುಬಿಟ್ಟೆ. ಅವತ್ತು ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಕಾರ್ಡ್‌ಗೆ ಅರ್ಜಿ ಹಾಕುವ ಮೊದಲು ಓದಿಕೊಳ್ಳಲಿ.

ನಾನು ಮನಗೂಳಿಯವನು. ಕೆಲಸಕ್ಕೆ ಸೇರಿದಾಗ ನನ್ನ ಹತ್ತಿರ ಯಾವ ಕಾರ್ಡೂ ಇರಲಿಲ್ಲ. ‘ಇವರು ನಮ್ಮ ವರದಿಗಾರರು, ಸಂಬಂಧಪಟ್ಟವರು ಇವರಿಗೆ ಸಹಕರಿಸಬೇಕು’ ಎಂದು ಸಂಪಾದಕರು ಟೈಪು ಮಾಡಿಸಿ ಸಹಿ ಹಾಕಿದ ಒಂದು ಪತ್ರವಿತ್ತು. ಅದನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ. ಒಂದು ಸಲ ನನ್ನ ಹೆಂಡತಿ ಅಂಗಿಯೊಂದಿಗೆ ಅದನ್ನೂ ಒಗೆದು ಹಾಕಿದಳು. ಬಿಸಿಲಿಗೆ ಒಣಗಿಸಿ ಬಿಡಿಸಿದರೆ ಉಳಿದದ್ದು ‘ಸಹಕರಿಸಬೇಕು’ ಎಂಬ ಒಂದೇ ಮಾತು. ಅದನ್ನೇ ಹಿಡಿದುಕೊಂಡು ಬಸವನ ಬಾಗೇವಾಡಿಯಲ್ಲಿ ಮಂತ್ರಿಗಳ ಕಾರ್ಯಕ್ರಮಕ್ಕೆ ಹೋದೆ. ಬಾಗಿಲಲ್ಲಿ ನಿಂತ ಪೊಲೀಸಪ್ಪ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, “ಯಾರಿಗೆ ಸಹಕರಿಸಬೇಕ್ರಿ?” ಎಂದು ಕೇಳಿದ. “ನನಗ್ರಿ” ಎಂದೆ. “ಯಾಕ?” ಎಂದ. ಕಾಗದ ಮಡಿಸಿಕೊಂಡು ಹಿಂದೆ ಸರಿದೆ.

ಕೊನೆಗೆ ಧ್ವನಿವರ್ಧಕದ ದೊಡ್ಡ ಡಬ್ಬಿಯೊಂದನ್ನು ಹೊತ್ತುಕೊಂಡು ಒಳಗೆ ಹೋದೆ. ಮೈಕ್ ಸೆಟ್ಟಿನವನಿಗೆ ಎಲ್ಲೂ ಯಾರೂ ಗುರುತಿನ ಚೀಟಿ ಕೇಳುವುದಿಲ್ಲ. ವೇದಿಕೆಯ ಹಿಂದೆ ವೈರುಗಳ ನಡುವೆ ಕೂತೆ. ಮಂತ್ರಿಗಳು ಮೈಕಿನಲ್ಲಿ ಹೇಳಿದ್ದೂ ಕೇಳಿಸಿತು, ಮೈಕು ಬಿಟ್ಟು ಪಕ್ಕದವರಿಗೆ ಹೇಳಿದ್ದೂ ಕೇಳಿಸಿತು. ಎರಡನೆಯದೇ ಸುದ್ದಿ. ಮರುದಿನ ಅದು ಮೊದಲ ಪುಟದಲ್ಲಿ ಬಂದಾಗ, ಕಾರ್ಡ್ ತೂಗುಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದವರು ನನ್ನನ್ನು ತಿಂಗಳುಗಟ್ಟಲೆ ಮಾತಾಡಿಸಲಿಲ್ಲ. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಆ ಕಾರ್ಡ್ ನನ್ನ ಕೊರಳಿಗೆ ಯಾವಾಗ ಬೀಳುತ್ತದೆ ಎಂದೇ ಕಾಯತೊಡಗಿದೆ.

ಆಗ ಸುದ್ದಿ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಲಕೋಟೆಯಲ್ಲಿ ಹಾಕಿ, ನಾಲ್ಕರ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ, ವಿಜಯಪುರದ ನಿಲ್ದಾಣದಲ್ಲಿ ಕಚೇರಿಯವರು ಇಳಿಸಿಕೊಳ್ಳುತ್ತಿದ್ದರು. ಮಂತ್ರಿಗಳು ಬರುವುದು ಮಾತ್ರ ಐದಕ್ಕೆ. ಹೀಗಾಗಿ ನಾವೆಲ್ಲ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುತ್ತಿದ್ದೆವು. ಆಮಂತ್ರಣ ಪತ್ರಿಕೆ ಮುಂದಿಟ್ಟುಕೊಂಡು, ಉದ್ಘಾಟಿಸಿದರು, ಕರೆ ನೀಡಿದರು, ವಿಷಾದಿಸಿದರು ಎಂದು ಭಾಷಣದ ವರದಿಯನ್ನು ಮೊದಲೇ ಬರೆದು ಬಸ್ಸಿಗೆ ಹಾಕುತ್ತಿದ್ದೆವು. ಮುದ್ದೇಬಿಹಾಳದಲ್ಲಿದ್ದಾಗ ತಂಗಡಗಿಯ ಒಂದು ಸಭೆಗೂ ಹಾಗೇ ಮಾಡಿದೆ. ಕೃಷ್ಣೆಯ ನೀರಿನ ಬಗ್ಗೆ ಮಂತ್ರಿಗಳ ಬಾಯಲ್ಲಿ ಮೂರು ಪ್ಯಾರಾ ಮಾತಾಡಿಸಿದೆ. ಮಂತ್ರಿಗಳು ಅವತ್ತು ಬರಲೇ ಇಲ್ಲ, ಅರ್ಧ ದಾರಿಯಿಂದಲೇ ತಿರುಗಿ ಹೋಗಿದ್ದರು. ನಾನು ಲಕೋಟೆ ಕೊಟ್ಟು ನಿಶ್ಚಿಂತೆಯಿಂದ ಮನೆಗೆ ಹೋಗಿದ್ದೆ.

ಎರಡು ದಿನದ ಮೇಲೆ ತಂಗಡಗಿಗೆ ಹೋದಾಗ ಹೋಟೆಲಿನಲ್ಲಿ ಒಬ್ಬ ಹಿರಿಯರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಾ ತರಿಸಿದರು. “ಮಂತ್ರಿ ಭಾಳ ಛಲೋ ಮಾತಾಡ್ಯಾರ ನೋಡ್ರಿ ನಿಮ್ಮ ಪೇಪರಿನ್ಯಾಗ. ಬಂದಿದ್ರ ಇಷ್ಟು ಛಲೋ ಮಾತಾಡ್ತಿರಲಿಲ್ಲ” ಎಂದರು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮಂತ್ರಿಗಳೂ ಸಿಟ್ಟಾಗಲಿಲ್ಲ, ಭಾಷಣ ಚೆನ್ನಾಗಿತ್ತೆಂದು ಹೇಳಿ ಕಳಿಸಿದರಂತೆ.

ಸಿಟ್ಟಾದವರು ಒಬ್ಬರೇ, ನಮ್ಮ ಜಿಲ್ಲಾ ಮುಖ್ಯ ವರದಿಗಾರ ಹಿರೇಮಠ ಸರ್. ಪೆನ್ನಿಗಿಂತ ಹೆಚ್ಚಾಗಿ ಅಡಿಕೆಪುಡಿಯ ಡಬ್ಬಿ ಹಿಡಿದಿರುತ್ತಿದ್ದ ಮನುಷ್ಯ. ನನ್ನನ್ನು ನಿಲ್ಲಿಸಿಕೊಂಡು ಹೇಳಿದರು: “ನೋಡಿದ್ದು ಬರಿ. ಕೇಳಿದ್ದನ್ನ, ಹೇಳಿದವನ ಹೆಸರು ಹಾಕಿ ಬರಿ. ನಿನಗ ಅನಿಸಿದ್ದನ್ನ ಮನಿಗಿ ಹೋಗಿ ಹೆಂಡ್ತಿ ಮುಂದ ಹೇಳು. ಇಷ್ಟ ನಮ್ಮ ವಿದ್ಯಾ.” ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಯಾವಾಗಲೂ ಮುಂದು.

ಬಸ್ಸಿನ ಲಕೋಟೆ ಹೋಗಿ ಫ್ಯಾಕ್ಸು ಬಂತು, ಫ್ಯಾಕ್ಸು ಹೋಗಿ ಮೊಬೈಲು ಬಂತು. ಇನ್ನು ಮುಂದೆ ಮೊದಲೇ ಬರೆಯುವ ಹಂಗಿಲ್ಲ ಎಂದುಕೊಂಡೆವು. ಅದರ ಬದಲು ಹೋಗುವ ಹಂಗೇ ಇಲ್ಲದಾಯಿತು. ಲೀಡರುಗಳ ಸಹಾಯಕರು ಸಭೆಯ ಫೋಟೋ, ಭಾಷಣ, ಬಂದವರ ಹೆಸರು ಎಲ್ಲವನ್ನೂ ಮೊಬೈಲಿಗೇ ಕಳಿಸತೊಡಗಿದರು. ಕೂತಲ್ಲೇ ಮೂರು ಊರಿನ ಸಭೆ ಮುಗಿಸಿ ಊಟಕ್ಕೆ ಏಳುತ್ತಿದ್ದೆವು.

ನಾನು ಆಗ ಸಿಂದಗಿಯಲ್ಲಿದ್ದೆ. ನಮ್ಮ ಕಚೇರಿ ಎಂದರೆ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ. ಅಲ್ಲಿಗೇ ಒಂದು ದಿನ ನನ್ನ ಮಾನ್ಯತಾ ಕಾರ್ಡ್ ಬಂತು. ತಾಲ್ಲೂಕಿನ ವರದಿಗಾರನಿಗೆ ಅದು ಸಿಗುವುದು ಅಪರೂಪ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಕಾಯಿಪಲ್ಲೆ ತರಲು ಸಂತೆಗೆ ಹೋಗುವಾಗಲೂ ಅದನ್ನು ಕೊರಳಿಗೆ ಹಾಕಿಕೊಂಡು ಹೋದೆ. “ಅದನ್ನ ಹಾಕ್ಕೊಂಡ ಜಳಕಾ ಮಾಡಬ್ಯಾಡ್ರಿ, ಫೋಟೋ ಹಾಳಾಕ್ಕೈತಿ” ಎಂದು ಹೆಂಡತಿ ಎಚ್ಚರಿಸಿದಳು.

ಕೊರಳಿಗಷ್ಟೇ ಸಾಲದೆನಿಸಿತು. ಮೋಟಾರ್ ಸೈಕಲ್ಲಿನ ಮೇಲೂ PRESS ಎಂದು ಬರೆಸಬೇಕೆಂದು ಪೇಂಟರ್ ಮೈಬೂಬನ ಅಂಗಡಿಗೆ ಹೋದೆ. ಅಂಗಡಿಯ ಬೋರ್ಡಿರಲಿ, ಟ್ರ್ಯಾಕ್ಟರಿರಲಿ, ತಾನು ಬರೆದದ್ದರ ಕೆಳಗೆ ಮೂಲೆಯಲ್ಲಿ ತನ್ನ ಹೆಸರು, ಮೊಬೈಲ್ ನಂಬರು, ಆವತ್ತಿನ ತಾರೀಖು ಸಣ್ಣಗೆ ಬರೆಯುವುದು ಮೈಬೂಬನ ರೂಢಿ. ಬಣ್ಣ ಎಷ್ಟು ವರ್ಷ ಬಾಳಿತೆಂದು ಗಿರಾಕಿಗೆ ತಿಳಿಯಲಿ ಎಂದು. ಹಿಂದೆ, ಮುಂದೆ, ಟ್ಯಾಂಕಿನ ಎರಡೂ ಬದಿಗೆ ಕೆಂಪು ಬಣ್ಣದಲ್ಲಿ ಬರೆದು, “ಸಂಜೀತನಾ ಗಾಡಿ ಮುಟ್ಟಬ್ಯಾಡ್ರಿ ಸರ, ಬಣ್ಣ ಹಸಿ ಐತಿ” ಎಂದ.

ಅವತ್ತು ಮಧ್ಯಾಹ್ನ ಕನ್ನೊಳ್ಳಿಯ ಆಚೆಯ ಒಂದು ಹಳ್ಳಿಯಲ್ಲಿ ಒಂದು ಪಕ್ಷದ ಸಭೆ ಇತ್ತು. ಚುನಾವಣೆ ಹತ್ತಿರ ಬಂದಿತ್ತು. ಹೋಗಲು ಬಸ್ಸಿತ್ತು. ಆದರೆ ಸರಕಾರದ ಕಾರ್ಡ್ ಹಾಕಿಕೊಂಡವನು ಬಸ್ಸಿನಲ್ಲಿ ನಿಂತುಕೊಂಡು ಹೋಗುವುದೇ? ಮೈಬೂಬನ ಅಂಗಡಿಯ ಮುಂದೆಯೇ ಸ್ಟೂಲು ಹಾಕಿಕೊಂಡು ಕೂತೆ. ಲೀಡರನ ಸಹಾಯಕ ಮೊಬೈಲಿಗೆ ಒಂದು ಫೋಟೋ, ಒಂದು ಪಟ್ಟಿ ಕಳಿಸಿದ.

ಪಟ್ಟಿ ಎಂದರೆ ಪಕ್ಷ ಸೇರಿದವರ ಹೆಸರುಗಳು. ನಮ್ಮ ಕಡೆ ಪ್ರತಿ ಸಭೆಯಲ್ಲೂ ಪಕ್ಷದ ಶಾಲು ಕೊರಳಿಗೆ ಹಾಕಿ ಇಷ್ಟು ಜನ ಸೇರಿದರು ಎಂದು ಸಾರುತ್ತಾರೆ. ಎಷ್ಟು ಹೆಸರು ಹಾಕಿದರೆ ಅಷ್ಟು ಪತ್ರಿಕೆ ಹೆಚ್ಚು ಹೋಗುತ್ತದೆಂದು ನಾವೂ ಪೂರ್ತಿ ಪಟ್ಟಿ ಅಚ್ಚು ಮಾಡುತ್ತೇವೆ. ಅವತ್ತಿನದು ಎಲ್ಲ ಹೆಣ್ಣುಮಕ್ಕಳ ಹೆಸರು. ಮೊದಲಿಗೆ ‘ಬೋರಮ್ಮ, ಅಂಗನವಾಡಿ ಕಾರ್ಯಕರ್ತೆ’ ಎಂದಿತ್ತು. ಮೊದಲ ಹೆಸರು ಅವಳದು ಅಂದಮೇಲೆ ಮುಂದಾಳೂ ಅವಳೇ ಇರಬೇಕು ಎಂದು ನನಗೆ ಅನಿಸಿತು. ‘ಅಂಗನವಾಡಿ ಕಾರ್ಯಕರ್ತೆ ಬೋರಮ್ಮ ಅವರ ನೇತೃತ್ವದಲ್ಲಿ ನೂರಾರು ಮಹಿಳೆಯರು ಪಕ್ಷ ಸೇರಿದರು’ ಎಂದು ಬರೆದೆ. ‘ನೇತೃತ್ವದಲ್ಲಿ’ ಎಂಬುದು ಯಾರೂ ಹೇಳಿದ್ದಲ್ಲ. ‘ನೂರಾರು’ ಕೂಡ ನನ್ನದೇ. ಸುದ್ದಿ ಮೊದಲ ಪುಟದಲ್ಲಿ, ನನ್ನ ಹೆಸರಿನೊಂದಿಗೆ ಬಂತು. ಬಣ್ಣವೂ ಚೆನ್ನಾಗಿ ಒಣಗಿತ್ತು.

ಐದನೆಯ ದಿನ ಒಬ್ಬ ಹೆಣ್ಣುಮಗಳು ಕಚೇರಿಯ ಮೆಟ್ಟಿಲು ಹತ್ತಿ ಬಂದಳು. ನಲವತ್ತೈದರ ಆಚೀಚೆ, ತಲೆಯ ಮೇಲೆ ಸೆರಗು, ಕೈಯಲ್ಲಿ ಒಂದು ಚೀಲ. ಚೀಲದಿಂದ ಪತ್ರಿಕೆಯ ತುಂಡನ್ನು ತೆಗೆದು ಮೇಜಿನ ಮೇಲಿಟ್ಟಳು.

“ಇದನ್ನ ಬರದಾವ್ರು ನೀವ ಏನ್ರಿ?”

“ಹೌದ್ರಿ” ಎಂದೆ, ಕಾರ್ಡ್ ಸರಿಮಾಡಿಕೊಳ್ಳುತ್ತ. ಮೆಚ್ಚಿಕೊಂಡು ಬಂದಿರಬೇಕು ಎಂದುಕೊಂಡಿದ್ದೆ.

“ನಾನ ಬೋರಮ್ಮ. ಆ ಸಭೆಯಾಗ ನನ್ನ ನೋಡೀರೇನ್ರಿ?”

“ಸಭೆಯಾಗ ಭಾಳ ಮಂದಿ ಇದ್ರು ತಾಯಿ…”

“ಮಂದಿ ಇರ್ಲಿ ಬಿಡ್ರಿ. ನೀವು ಇದ್ರೇನು?”

ಆಕೆ ಇನ್ನೊಂದು ಕಾಗದ ತೆಗೆದಳು. ಇಲಾಖೆಯ ನೋಟಿಸು. ಅಂಗನವಾಡಿ ಕಾರ್ಯಕರ್ತೆಯಾಗಿದ್ದುಕೊಂಡು ಚುನಾವಣೆಯ ಹೊತ್ತಿನಲ್ಲಿ ಪಕ್ಷ ಸೇರಿದ್ದಕ್ಕೆ ಕೆಲಸದಿಂದ ಯಾಕೆ ತೆಗೆಯಬಾರದು ಎಂದು ಕೇಳಿದ್ದರು. ಸಾಕ್ಷಿಯಾಗಿ ಲಗತ್ತಿಸಿದ್ದು ನನ್ನ ಸುದ್ದಿ. ಅವತ್ತು ಆಕೆ ಅಂಗನವಾಡಿಯಲ್ಲಿ ಕೂಸುಗಳ ತೂಕ ತೆಗೆದುಕೊಂಡು ಬರೆಯುತ್ತಿದ್ದಳಂತೆ. ಪಟ್ಟಿಯಲ್ಲಿದ್ದದ್ದು ಊರಿನ ಮಹಿಳಾ ಸಂಘದವರ ಹೆಸರು. ಹಿಂದಿನ ವಾರ ಅರಿಷಿಣ ಕುಂಕುಮದ ಕಾರ್ಯಕ್ರಮ ಎಂದು ಹೇಳಿ ಆ ಲೀಡರನ ಮನೆಯವರು ಎಲ್ಲರ ಹೆಸರು ಬರೆದುಕೊಂಡು ಹೋಗಿದ್ದರು. ಸಂಘ ಕಟ್ಟಿದವಳೆಂದು ಬೋರಮ್ಮನ ಹೆಸರು ಮೇಲಿತ್ತು.

“ನಾ ಹೋಗಿಲ್ರಿ ಅಂದ್ರ ಆಫೀಸರು ಪೇಪರಿನ್ಯಾಗ ಬಂದೈತಲ್ಲ ಅಂತಾರ. ಅಂಗನವಾಡಿ ನಡಸಾಕತ್ತಿ ಇಪ್ಪತ್ತೆರಡು ವರ್ಷ ಆತ್ರಿ. ನಮ್ಮ ಮನಿಯವ್ರು ಕುರಿ ಹೊಡಕೊಂಡು ಆರು ತಿಂಗಳು ಹೊಳಿ ಕಡೆ ಇರ್ತಾರ. ಈ ಕೆಲಸ ಹೋದ್ರ ಹೋಗ್ಲಿ ಅನ್ನೂವಂಥ ಮನಿ ಅಲ್ರಿ ನಮ್ದು. ಅದೂ ಇರ್ಲಿ. ಬೋರಮ್ಮ ಆ ಪಕ್ಷದಾಕಿ ಅಂತ ಊರಾಗ ಅರ್ಧ ಮಂದಿ ಕೂಸುಗೋಳನ್ನ ಕಳಸೂದ ಬಿಟ್ಟಾರ್ರಿ.”

ಕೊನೆಯ ಮಾತು ಹೇಳಿ ಆಕೆ ಎರಡೂ ಕಾಗದಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ತಿದ್ದುಪಡಿ ಹಾಕಿಸುತ್ತೇನೆ ಎಂದು ದೊಡ್ಡ ಉಪಕಾರ ಮಾಡುವವನಂತೆ ಹೇಳಿ ಕಳಿಸಿದೆ. ಏಳನೆಯ ಪುಟದಲ್ಲಿ, ಪಂಪ್‌ಸೆಟ್ ಜಾಹೀರಾತಿನ ಕೆಳಗೆ, ಮೂರು ಸಾಲಿನಲ್ಲಿ ಬಂತು. ಅದನ್ನು ಹಿಡಿದುಕೊಂಡು ಬೋರಮ್ಮನ ಜೊತೆ ಅಧಿಕಾರಿಯ ಹತ್ತಿರ ಹೋದೆ. ಅವರು ಎರಡೂ ತುಂಡುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರು. “ಸುಳ್ಳು ಮೊದಲನೇ ಪುಟದಾಗ ಬಂದೈತಿ, ಖರೆ ಏಳನೇ ಪುಟದಾಗ. ನಾನು ಯಾವುದನ್ನ ನಂಬ್ಲಿ? ಒತ್ತಡ ತಂದು ಹಾಕಿಸ್ಯಾರ ಅಂತ ನಾಳೆ ತಕರಾರು ಬರ್ತೈತಿ. ಸಭೆಗೆ ನೀವು ಹೋಗಿರಲಿಲ್ಲ ಅಂತ ಕೈಲೆ ಬರೆದು ಸಹಿ ಮಾಡಿ ಕೊಡ್ರಿ” ಎಂದರು.

ಹಿರೇಮಠ ಸರ್‌ಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಹೇಳಿದರು: “ಬರೆದು ಕೊಟ್ರ ನಿನ್ನ ಕಾರ್ಡ್ ಹೊಕ್ಕೈತಿ. ಕೊಡಲಿಲ್ಲಂದ್ರ ಆ ಹೆಣ್ಣುಮಗಳ ಕೆಲಸ ಹೊಕ್ಕೈತಿ. ನನ್ನ ಯಾಕ ಕೇಳ್ತಿ? ತಂಗಡಗಿ ಮರ್ತಿಯೇನು?” ಉಳಿದ ಮಿತ್ರರೆಲ್ಲ, ಬಾಯಲ್ಲಿ ಬೇಕಾದ್ದು ಹೇಳು, ಬರವಣಿಗೆಯಲ್ಲಿ ಮಾತ್ರ ಕೊಡಬೇಡ ಎಂದರು. ಬರೆಯುವುದೇ ಕಸುಬಾದವರು ಬರೆಯಬೇಡ ಎಂದು ಹೇಳಿದ್ದು ಅದೊಂದೇ ಸಲ.

ಆಮೇಲೆ ಎರಡು ದಿನ ನಾನು ಮಾಡಿದ ಕೆಲಸವೆಂದರೆ ಮೊಬೈಲು ಬಂದ್ ಮಾಡಿಕೊಂಡು ಮನೆಯಲ್ಲಿ ಕೂತದ್ದು. ನೋಟಿಸಿಗೆ ಉತ್ತರ ಕೊಡುವ ಗಡುವು ಮುಗಿಯುತ್ತಿತ್ತು. ಗಡುವು ದಾಟಲಿ, ನನ್ನ ಕೈಯಲ್ಲಿ ಏನಿತ್ತು ಎಂದು ಆಮೇಲೆ ಹೇಳಿದರಾಯಿತು ಎಂಬ ಯೋಚನೆಯೂ ಬಂತು. ಬಂತು ಎಂದು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ. ಈ ವೃತ್ತಿಯಲ್ಲಿ ನಾನು ಮಾಡಿದ ತಪ್ಪುಗಳಿಗೆ ನಗಬಲ್ಲೆ, ಆ ಎರಡು ದಿನಗಳಿಗೆ ಮಾತ್ರ ನಗು ಬರುವುದಿಲ್ಲ.

ಮೂರನೆಯ ದಿನ ಕಚೇರಿಗೆ ಹೋದರೆ ಬೋರಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಮುಂಜಾನೆಯ ಮೊದಲ ಬಸ್ಸಿಗೆ ಬಂದವಳು. ಕೈಯಲ್ಲಿ ಅಂಗನವಾಡಿಯ ತೂಕದ ಪುಸ್ತಕ. ಬೈಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. “ಬಂದ್ರ್ಯಾ ಸರ” ಎಂದು ಎದ್ದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಹಾಗೆ ದಾರಿ ಬಿಟ್ಟದ್ದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಒಳಗೆ ಕರೆದು ಕೂರಿಸಿ ಹಾಳೆ ತೆಗೆದುಕೊಂಡೆ.

‘ಕಣ್ತಪ್ಪಿನಿಂದ ತಮ್ಮ ಹೆಸರು ಪ್ರಕಟವಾಗಿದ್ದು’ ಎಂದು ಶುರುಮಾಡಿ ಓದಿ ಹೇಳಿದೆ.

“ಕಣ್ ತಪ್ಪೂದು ನೋಡಿದಾವ್ರಿಗೆ ಆಕ್ಕೈತ್ರಿ” ಎಂದಳು ಬೋರಮ್ಮ. “ನೀವು ನೋಡೇ ಇಲ್ಲಲ್ರಿ.”

ಹರಿದು ಹಾಕಿ ಇನ್ನೊಂದು ಹಾಳೆ ತೆಗೆದುಕೊಂಡೆ. ‘ಅನಿವಾರ್ಯ ಕಾರಣಗಳಿಂದ ಸಭೆಗೆ ಹೋಗಲಾಗಲಿಲ್ಲ’ ಎಂದು ಬರೆದೆ.

“ಏನ್ ಕಾರಣ್ರಿ?”

“ಗಾಡಿಗೆ ಬಣ್ಣಾ ಹಚ್ಚಸಾಕತ್ತಿದ್ನಿ.”

“ಅದನ್ನ ಬರೀರಿ.”

“ಅದು ಯಾಕ ಬೇಕ್ರಿ ಬೋರಮ್ಮಾರ?”

“ಅನಿವಾರ್ಯ ಅಂದ್ರ ಯಾರೂ ನಂಬೂದಿಲ್ರಿ. ಏನ್ ಬರಸಾಕತ್ತಿದ್ರಿ?”

“PRESS ಅಂತ.”

“ಯಾವ ಬಣ್ಣ?”

“ಕೆಂಪು.”

“ಬರೀರಿ.”

ಮೂವತ್ತು ವರ್ಷದಲ್ಲಿ ಇಷ್ಟು ಒಳ್ಳೆಯ ಉಪಸಂಪಾದಕರು ನನಗೆ ಸಿಕ್ಕಿರಲಿಲ್ಲ. ಕೊನೆಗೆ ಉಳಿದದ್ದು ಇಷ್ಟು: ‘ನಾನು ಆ ಸಭೆಗೆ ಹೋಗಿರಲಿಲ್ಲ. ಬೋರಮ್ಮ ಅವರನ್ನು ಅಲ್ಲಿಯವರೆಗೆ ಕಣ್ಣಿನಿಂದ ನೋಡಿರಲಿಲ್ಲ. ಗಾಡಿಯ ಮೇಲೆ PRESS ಎಂದು ಕೆಂಪು ಬಣ್ಣದಲ್ಲಿ ಬರೆಸಿ, ಅದು ಒಣಗುವವರೆಗೆ ಸಿಂದಗಿಯಲ್ಲಿ ಪೇಂಟರ್ ಅಂಗಡಿಯ ಮುಂದೆ ಕೂತಿದ್ದೆ. ನೇತೃತ್ವ ಎಂಬ ಮಾತು ನಾನು ಸೇರಿಸಿದ್ದು.’ ಸಹಿ ಹಾಕಿದೆ. ಕೆಳಗಿನ ಅಂಗಡಿಯಲ್ಲಿ ಒಂದು ಝೆರಾಕ್ಸ್ ಮಾಡಿಸಿ ಆಕೆಗೆ ಕೊಡಲು ಹೊರಟೆ. “ಝೆರಾಕ್ಸ್ ಬ್ಯಾಡ್ರಿ. ನನಗೂ ಒಂದು ಕೈಲೆ ಬರೆದು ಸಹಿ ಮಾಡಿ ಕೊಡ್ರಿ, ನನ್ನ ಹಂತ್ಯಾಕ ಇರ್ಲಿ” ಎಂದಳು. ಇನ್ನೊಮ್ಮೆ ಬರೆದೆ.

ಅಧಿಕಾರಿ ಓದಿ ಕನ್ನಡಕ ತೆಗೆದರು. “ಅಲ್ರಿ, ಅವತ್ತು ಬರದದ್ದು ಸುಳ್ಳು ಅಂದ್ರ, ಇವತ್ತು ಬರದದ್ದು ಖರೆ ಅಂತ ಹ್ಯಾಂಗ ನಂಬೂದು?”

ಕಾರ್ಡ್ ತೋರಿಸಲು ಕೈ ಕೊರಳಿಗೆ ಹೋಯಿತು. ಅದು ಇಲ್ಲಿ ಯಾವ ಕೆಲಸಕ್ಕೂ ಬಾರದೆಂದು ಅರ್ಥವಾಗಿ ಕೈ ಇಳಿಸಿದೆ. ಬೋರಮ್ಮ ಎಂದಳು, “ಸಾಹೇಬ್ರ, ಗಾಡಿ ಹೊರಗ ಐತ್ರಿ. ಬಂದು ನೋಡ್ರಿ.” ಬರುವಾಗಲೇ ನೋಡಿಕೊಂಡಿದ್ದಳು. ಅಧಿಕಾರಿ ಹೊರಗೆ ಬಂದು ಬಗ್ಗಿ ನೋಡಿದರು. PRESS ಎಂಬ ದೊಡ್ಡ ಅಕ್ಷರಗಳ ಕೆಳಗೆ, ಮೂಲೆಯಲ್ಲಿ, ಸಣ್ಣಗೆ ಮೈಬೂಬನ ಹೆಸರು, ಸಭೆ ನಡೆದ ದಿನದ ತಾರೀಖು, ಫೋನ್ ನಂಬರು. ಅಲ್ಲೇ ನಿಂತು ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

“ಹೌದ್ರಿ ಸಾಹೇಬ್ರ” ಎಂದ ಮೈಬೂಬ. “ಪೇಪರಿನ ಸರ ಮಧ್ಯಾಹ್ನದಿಂದ ಸಂಜೀತನಾ ಇಲ್ಲೇ ಕುಂತಿದ್ರು. ಜಲ್ದಿ ಒಣಗಲಿ ಅಂತ ಬಾಯಿಲೆ ಊದಾಕತ್ತಿದ್ರು. ಧೂಳ ಕೂಡ್ತೈತಿ ಊದಬ್ಯಾಡ್ರಿ ಅಂತ ನಾನ ಹೇಳ್ದೆ.”

ಸರಕಾರ ಮಾನ್ಯ ಮಾಡಿದ ಪತ್ರಕರ್ತನ ಮಾತು ನಿಂತದ್ದು ಒಬ್ಬ ಪೇಂಟರನ ಮಾತಿನ ಮೇಲೆ. ಅಧಿಕಾರಿ ನಗು ತಡೆದುಕೊಂಡು ಒಳಗೆ ಹೋಗಿ, ತೂಕದ ಪುಸ್ತಕವನ್ನೂ ನೋಡಿ, ನೋಟಿಸು ಕೈಬಿಟ್ಟೆವೆಂದು ಬರೆದುಕೊಟ್ಟರು. ಬೋರಮ್ಮ ಅಲ್ಲಿಗೂ ಬಿಡಲಿಲ್ಲ. “ಆಫೀಸಿಗಿ ಹೇಳಿದ್ರ ಕೂಸುಗೋಳು ಬರೂದಿಲ್ರಿ. ಊರಿಗಿ ಬಂದು ಹೇಳ್ರಿ” ಎಂದಳು.

ಹೋದೆ. ಹಣಮಂತದೇವರ ಗುಡಿಯ ಕಟ್ಟೆಯ ಮುಂದೆ ನಿಂತು ಅದೇ ಹಾಳೆಯನ್ನು ಓದಿದೆ. ಕೆಂಪು ಬಣ್ಣದ ಹತ್ತಿರ ಬಂದಾಗ ಕೆಲವರು ನಕ್ಕರು. ಮೂಲೆಯಲ್ಲಿ ಕೂತ ಮುದುಕರೊಬ್ಬರು ಮಾತ್ರ ನಗಲಿಲ್ಲ. “ತಮ್ಮಾ, ಇಷ್ಟು ವರ್ಷ ನಿನ್ನ ಹೆಸರಿನ್ಯಾಗ ಬಂದದ್ದೆಲ್ಲಾ ಹಿಂಗ ಏನು?”

“ಎಲ್ಲಾ ಅಲ್ರಿ ಅಜ್ಜಾ.”

“ಹಂಗಾದ್ರ ಯಾವುದು ಖರೆ, ಯಾವುದು ಅಲ್ಲ ಅಂತ ಗುರುತ ಹಾಕಿ ಕೊಟ್ಟು ಹೋಗು. ಹಳೇ ಪೇಪರು ನಮ್ಮ ಮನಿಯಾಗ ಅದಾವ.”

ಆ ಗುರುತು ಹಾಕುವ ಕೆಲಸವನ್ನು ನಾನು ಇವತ್ತಿಗೂ ಮಾಡಿಲ್ಲ. ಮರುವಾರ ಕೂಸುಗಳು ಅಂಗನವಾಡಿಗೆ ಬರತೊಡಗಿದವು ಎಂದು ತಿಳಿಯಿತು. ನನ್ನ ಬರಹದಿಂದ ಒಂದು ಊರಿಗೆ ಒಳ್ಳೆಯದಾದದ್ದು ಅದೇ ಮೊದಲು, ಅದೂ ಪತ್ರಿಕೆಯಲ್ಲಿ ಅಚ್ಚಾಗದ ಬರಹ.

ಕಾರ್ಡ್ ಅಮಾನತ್ತಾಯಿತು. ನನ್ನನ್ನು ಮತ್ತೆ ಮುದ್ದೇಬಿಹಾಳಕ್ಕೆ ಹಾಕಿದರು. ಗಾಡಿಯ ಮೇಲಿನ ಅಕ್ಷರಗಳನ್ನು ಸೀಮೆಎಣ್ಣೆ ಹಚ್ಚಿ ತಿಕ್ಕಿದೆ. ಮೈಬೂಬನ ಬಣ್ಣ ಅಷ್ಟು ಸುಲಭಕ್ಕೆ ಹೋಗುವುದಲ್ಲ. ಅಕ್ಷರಗಳ ಗುರುತು ಗಾಡಿ ಮಾರುವವರೆಗೂ ಉಳಿದಿತ್ತು.

ಆಮೇಲೆ ಒಂದು ಪದ್ಧತಿ ಇಟ್ಟುಕೊಂಡೆ. ಸಭೆಗೆ ಹೋಗುವುದಂತೂ ಸರಿ. ಹೆಸರಿನ ಪಟ್ಟಿ ಕೊಟ್ಟರೆ ಮೊದಲ ಹೆಸರಿನವರನ್ನೂ ಕೊನೆಯ ಹೆಸರಿನವರನ್ನೂ ಹುಡುಕಿ ಮಾತಾಡಿಸುವುದು. ಮೊದಲ ಪಟ್ಟಿಯಲ್ಲೇ ಫಜೀತಿ ಕಾದಿತ್ತು. ಕೊನೆಯ ಹೆಸರಿನವರ ಮನೆಗೆ ಫೋನ್ ಮಾಡಿ, ಯಜಮಾನರು ಪಕ್ಷ ಸೇರಿದ್ದು ಹೌದೇ ಎಂದು ಕೇಳಿದೆ. ಅವರ ಹೆಂಡತಿ, “ಅವರು ತೀರಿಕೊಂಡು ಎರಡು ವರ್ಷ ಆತ್ರಿ. ಇದ್ದಾಗ ಯಾವ ಪಕ್ಷಾನೂ ಬ್ಯಾಡ ಅಂತಿದ್ರು. ಈಗ ಮನಸು ಮಾಡ್ಯಾರೇನ್ರಿ?” ಎಂದರು. ಆ ಪಟ್ಟಿ ನಮ್ಮ ಪತ್ರಿಕೆಯಲ್ಲಿ ಬರಲಿಲ್ಲ. ಉಳಿದ ಪತ್ರಿಕೆಗಳಲ್ಲಿ ಆ ಪುಣ್ಯಾತ್ಮರು ಪಕ್ಷ ಸೇರಿದರು. ನನ್ನ ಸುದ್ದಿಗಳು ದಿನವೂ ತಡವಾಗತೊಡಗಿದವು. “ನಿನಗಿಂತ ಬಸ್ಸಿನ ಲಕೋಟೆನ ಜಲ್ದಿ ಬರ್ತಿತ್ತಲ್ಲೋ” ಎಂದು ಹಿರೇಮಠ ಸರ್ ಗೊಣಗಿದರು, ಆದರೆ ಒಂದು ದಿನವೂ ಬೇಗ ಕಳಿಸು ಎನ್ನಲಿಲ್ಲ.

ಕೆಲವು ವರ್ಷಗಳ ಮೇಲೆ ಕಾರ್ಡ್ ಮರಳಿ ಬಂತು. ಅದನ್ನು ಒಳಗಿನ ಕಿಸೆಯಲ್ಲಿ ಇಟ್ಟುಕೊಂಡೆ. ನಿವೃತ್ತನಾದ ದಿನ ವಾರ್ತಾ ಇಲಾಖೆಗೆ ಒಪ್ಪಿಸಿ ಬಂದೆ.

ಇಂಡಿಯ ಶಿಬಿರದಲ್ಲಿ ಆ ಹುಡುಗಿ ಕೇಳಿದ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಮರುವಾರ ಬಸ್ಸು ಹಿಡಿದು ಬೋರಮ್ಮನ ಊರಿಗೆ ಹೋದೆ. ಆಕೆಗೆ ನಿವೃತ್ತಿಗೆ ಇನ್ನು ಸ್ವಲ್ಪವೇ ಉಳಿದಿತ್ತು. ಕೂದಲು ನನಗಿಂತ ಬೆಳ್ಳಗಾಗಿತ್ತು. ಕೂಸುಗಳಿಗೆ ಊಟ ಹಾಕಿ ಮಲಗಿಸಿ, ನನಗೆ ಕುರ್ಚಿ ಹಾಕಿದಳು. ಕೇಳುವುದನ್ನು ನೇರವಾಗಿಯೇ ಕೇಳಿದೆ: ಬಣ್ಣದ ವಿಷಯ ಇಂಡಿಯ ಹುಡುಗಿಗೆ ಹೇಗೆ ತಿಳಿಯಿತು?

ಬೋರಮ್ಮ ಎದ್ದು ಟ್ರಂಕಿನಿಂದ ಒಂದು ಹಾಳೆ ತಂದಳು. ನನ್ನ ಅಕ್ಷರ, ನನ್ನ ಸಹಿ. ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದಳು. ಅಂಚುಗಳು ಕೈ ಬಳಸಿ ಬಳಸಿ ಮಾಸಿದ್ದವು.

“ಪೇಪರಿನವ್ರು, ಟಿವಿಯವ್ರು, ಮೊಬೈಲ್ ಹಿಡಕೊಂಡಾವ್ರು ಯಾರ ಬಂದ್ರೂ ಕೊರಳಾಗಿನ ಕಾರ್ಡ್ ತೋರಸ್ತಾರ್ರಿ. ನಾನು ಇದನ್ನ ತೋರಸ್ತೇನಿ. ಮೊದಲ ಇದನ್ನ ಓದ್ರಿ, ಆಮ್ಯಾಲ ನನ್ನ ಕೇಳ್ರಿ ಅಂತೇನಿ. ಕೆಲವ್ರು ಓದಿ ನಕ್ಕು ಹೊಕ್ಕಾರ.”

“ಆ ಇಂಡಿ ಹುಡುಗಿ?”

“ಅಂಗನವಾಡಿ ಸುದ್ದಿ ಕೇಳಾಕ ಬಂದಾಕಿ, ಎರಡು ಸಲ ಓದಿದ್ಲು. ಓದಿ, ಅವತ್ತಿನ ತೂಕದ ಪುಸ್ತಕ ಐತೇನ್ರಿ ಅಂತ ಕೇಳಿ, ತಾರೀಖು ತಾಳೆ ನೋಡಿದ್ಲು. ಸಿಂದಗಿಗಿ ಹೋಗಿ ಪೇಂಟರನ್ನೂ ಕೇಳಿ ಬಂದ್ಲಂತ. ಆಕಿ ಏನ್ ಬರದ್ರೂ ನಾ ನಂಬ್ತೇನ್ರಿ.”

ನಾನು ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು, ಎರಡನ್ನೂ ಮುಚ್ಚಿಕೊಳ್ಳಲು ಕನ್ನಡಕ ಒರೆಸಿಕೊಂಡೆ.

“ನಿಮ್ಮ ಕಾರ್ಡ್ ಎಲ್ಲೈತ್ರಿ ಸರ? ಕಾಣವಲ್ದು” ಎಂದಳು ಬೋರಮ್ಮ.

“ವಾಪಸ್ ಕೊಟ್ನಿ. ರಿಟೈರ್ ಆದಮ್ಯಾಲ ಇಟ್ಕೊಳ್ಳೂವಂಗಿಲ್ರಿ.”

ಆಕೆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಸೆರಗಿನಿಂದ ಒಮ್ಮೆ ಒರೆಸಿ ನೋಡಿದಳು. “ಹಂಗಾದ್ರ ಬಸ್ ಸ್ಟ್ಯಾಂಡಿನ್ಯಾಗ ಅಂಗಡಿ ಐತಿ, ಇದರದ್ದ ಒಂದು ಝೆರಾಕ್ಸ್ ಮಾಡಿಸಿಕೊಳ್ರಿ. ನಾನೂ ಬರ್ತೇನಿ” ಎಂದು ಚಪ್ಪಲಿ ಮೆಟ್ಟಿಕೊಂಡಳು. “ಅಸಲು ಮಾತ್ರ ನಾ ಯಾರ ಕೈಗೂ ಕೊಡೂದಿಲ್ರಿ.”